ಬಲಗಡೆಯ ಕಪ್

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಎರಡಾಗಿ ಸೀಳಿತ್ತು. ಯಾವ ಕಾಲದಲ್ಲೋ ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿ ಒಡೆದದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಸೀಳಿನೊಳಗೆ ಗ್ರೀಸು ಕೂತು ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಚಕ್ರದ ಡೊಂಕು ತೆಗೆಯುವಾಗ ಆ ಉಗುರನ್ನೇ ರಿಮ್ಮಿನ ಪಕ್ಕಕ್ಕೆ ಹಿಡಿದು ಚಕ್ರ ತಿರುಗಿಸುತ್ತಿದ್ದರು. ರಿಮ್ಮು ಎಲ್ಲಿ ಹೊರಗೆ ಬಂದಿದೆಯೋ ಅಲ್ಲಿ ಉಗುರಿಗೆ ತಾಗಿ ಟಿಕ್ ಎನ್ನುತ್ತಿತ್ತು. ಎರಡು ಕಡ್ಡಿ ಬಿಗಿ ಮಾಡಿ, ಒಂದು ಸಡಿಲ ಮಾಡಿ, ಮತ್ತೆ ತಿರುಗಿಸುತ್ತಿದ್ದರು. ಆ ಟಿಕ್ ನಿಲ್ಲುವವರೆಗೆ ಯಾರು ಏನು ಕೇಳಿದರೂ ಉತ್ತರವಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಇದೇ ಕೆಲಸಕ್ಕೆ ಗಡಿಯಾರದಂತೆ ಮುಳ್ಳಿರುವ ಒಂದು ಡಯಲ್ ಇದೆ, ಅದಕ್ಕೆ ವರ್ಷಕ್ಕೊಮ್ಮೆ ಸರ್ಟಿಫಿಕೇಟು ಬೇರೆ. ಉಗುರಿಗೆ ಯಾರೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ನಾನು ಅವರನ್ನು ಮಾಮ ಎನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ಹೊಸೂರಿನ ಪಕ್ಕದ ಗಡಿಯೂರು ಮತ್ತಿಗಿರಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಮುಂದೆ ಅವರ ಸೈಕಲ್ ಷಾಪು. ತಗಡಿನ ಮಾಡು, ಗೋಡೆ ತುಂಬ ನೇತುಹಾಕಿದ ಟೈರು, ಮುಂದೆ ನೆಲಕ್ಕೆ ನೆಟ್ಟ ಒಂದು ಮರದ ದಿಮ್ಮಿ, ಅದರ ಮೇಲೆ ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್. ಬೈಯುವುದೆಲ್ಲ ತೆಲುಗಿನಲ್ಲಿ, ಹೊರಗಿನವರೊಡನೆ ವ್ಯವಹಾರ ತಮಿಳಿನಲ್ಲಿ, ತಮಾಷೆ ಮತ್ತು ಬುದ್ಧಿವಾದ ಕನ್ನಡದಲ್ಲಿ. ಹೀಗೆ ಅವರು ಯಾವ ಭಾಷೆಗೆ ಹೊರಳಿದರು ಎನ್ನುವುದರ ಮೇಲೆಯೇ ನಮ್ಮ ಸೈಕಲ್ಲಿನ ಗತಿ ಏನಾಗಿದೆ ಎಂದು ಗೊತ್ತಾಗಿಬಿಡುತ್ತಿತ್ತು. ಒಮ್ಮೆ ನನ್ನ ಬ್ರೇಕಿನ ಕಂಬಿ ನೋಡಿ ತೆಲುಗಿಗೆ ಹೊರಳಿದರು. ನಾನು ಎಂಟು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮೂರನೇ ವರ್ಷದಲ್ಲಿ ಜ್ವರ ಬಂದು ನನ್ನ ಎಡಗಾಲು ಸಣಕಲಾಯಿತು. ಬಲಗಾಲಿಗಿಂತ ಎರಡು ಬೆರಳು ಗಿಡ್ಡ, ಮಂಡಿ ಅರ್ಧಕ್ಕಿಂತ ಹೆಚ್ಚು ಬಗ್ಗುವುದಿಲ್ಲ. ಎಂಟನೇ ಕ್ಲಾಸಿಗೆ ಹೊಸೂರಿಗೆ ಹೋಗಬೇಕಾಗಿ ಬಂದಾಗ, ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ನನ್ನನ್ನು ಮಾಮನ ಅಂಗಡಿಗೆ ಕರೆದುಕೊಂಡು ಹೋದರು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ ಎಲ್ಲಿ ಸಿಗುತ್ತದೆ ಎಂದು ಕೇಳುವುದಕ್ಕೆ. ಅಂಥ ಗಾಡಿಯಲ್ಲಿ ಸ್ಕೂಲಿಗೆ ಹೋಗುವುದಾದರೆ ಸ್ಕೂಲೇ ಬೇಡ ಎಂದು ನಾನು ಎರಡು ದಿನದಿಂದ ಮನೆಯಲ್ಲಿ ಜಗಳ ಮಾಡುತ್ತಿದ್ದೆ. ಮುಖ ಊದಿಸಿಕೊಂಡೇ ಹೋಗಿದ್ದೆ.

ಮಾಮ ಬೆಂಚಿನ ಮೇಲಿದ್ದ ಸಾಮಾನು ಸರಿಸಿದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಎಡಪಾದದ ಮುಂದೆ ಅಂಗೈ ಹಿಡಿದರು.

"ಮಗ, ನನ್ ಕೈನ ತಳ್ಳು."

ನಾನು ನಾಚಿಕೊಂಡು ಮೆಲ್ಲಗೆ ತಳ್ಳಿದೆ.

"ಇಷ್ಟೇನಾ? ಬೆಳಗ್ಗೆ ಉಂಡಿಲ್ವಾ?"

ನನಗೆ ಸಿಟ್ಟು ಬಂತು. ಎರಡು ದಿನದ ಜಗಳವನ್ನೆಲ್ಲ ಸೇರಿಸಿ ಒದ್ದೆ. ಕುಕ್ಕರಗಾಲಲ್ಲಿದ್ದ ಮಾಮ ಹಿಂದಕ್ಕೆ ಮಗುಚಿ, ಪಂಚರು ನೋಡುವ ನೀರಿನ ಬಾಣಲೆಗೆ ಕೈಯೂರಿ ಒದ್ದೆಯಾದರು. ಅಪ್ಪ ಗಾಬರಿಯಿಂದ ನನ್ನ ತಲೆಗೆ ಮೊಟಕಿದರು. ಮಾಮ ಮಾತ್ರ ಬಿದ್ದಲ್ಲಿಂದಲೇ ನಗುತ್ತಿದ್ದರು.

"ಹೊಡೀಬೇಡಿ ಸಾರ್. ಕಾಲ್ನಾಗೆ ಜೀವ ಐತೆ. ಕೈಯಾಗೆ ತಿರುಗ್ಸೋ ಗಾಡಿ ಯಾಕೆ? ನಾನು ಕಾಲ್ಗೇ ಒಂದ್ ಗಾಡಿ ಮಾಡ್ಕೊಡ್ತೀನಿ."

ಇಪ್ಪತ್ತು ದಿನ ತೆಗೆದುಕೊಂಡರು. ಒಂದು ಹಳೆಯ ಲೇಡೀಸ್ ಸೈಕಲ್ಲಿನ ಸೀಟಿನ ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಿ, ಹಿಂದಕ್ಕೆ ವಾಲಿಸಿ, ಹಿತ್ತಾಳೆ ಕರಗಿಸಿ ಬೆಸೆದರು. ಸೀಟಿನ ಮೇಲೆ ಕೂತೇ ನನ್ನ ಎರಡು ಪಾದವೂ ನೆಲಕ್ಕೆ ಊರುತ್ತಿದ್ದವು. ಎಡಗಡೆಯ ಪೆಡಲ್ ಕೈಯನ್ನು ಅರ್ಧಕ್ಕೆ ಕೊಯ್ದು ಗಿಡ್ಡ ಮಾಡಿದ್ದರಿಂದ ನನ್ನ ಎಡಗಾಲು ಸಣ್ಣ ಸುತ್ತು ಸುತ್ತಿದರೆ ಸಾಕಾಗಿತ್ತು. ಪೆಡಲಿನ ಮೇಲೆ ಎರಡು ಬೆರಳು ದಪ್ಪದ ಮರದ ತುಂಡು, ಅದಕ್ಕೆ ಹಳೇ ಟೈರಿನ ಹೊದಿಕೆ. ನೋಡಲು ಒಂದು ಥರಾ ವಿಕಾರವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಸೈಕಲ್ಲು. ಎರಡು ಚಕ್ರದ ಸೈಕಲ್ಲು. ಹೊಸೂರಿನ ಸ್ಕೂಲಿನ ಗೇಟಿನೊಳಗೆ ನಾನು ಅದನ್ನು ತುಳಿದುಕೊಂಡು ಹೋದ ದಿನದ ಜಂಬ ಈಗಲೂ ನನ್ನಲ್ಲಿ ಸ್ವಲ್ಪ ಉಳಿದಿದೆ ಎಂದು ನನ್ನ ಗಂಡ ಹೇಳುತ್ತಾರೆ.

ಮಾಮನನ್ನು ದೇವರಂಥ ಮನುಷ್ಯ ಎಂದು ಬರೆದರೆ ಅವರೇ ಎದ್ದು ಬಂದು ಬೈದಾರು. ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದೇ ಇಲ್ಲ. ತಮ್ಮ ಸ್ಪ್ಯಾನರನ್ನು ಇನ್ನೊಬ್ಬರು ಮುಟ್ಟಿದರೆ ಮುಖ ಗಂಟಿಕ್ಕುತ್ತಿದ್ದರು. ಗೇರಿನ ಸೈಕಲ್ ತಂದವರನ್ನು "ಏನ್ ಸಾರ್, ಮನೆಮುಂದೆ ಬೆಟ್ಟ ಐತಾ?" ಎಂದು ಕೆಣಕದೆ ಬಿಡುತ್ತಿರಲಿಲ್ಲ. ಆದರೆ ಅವರಲ್ಲಿ ಒಂದು ಗುಣವಿತ್ತು, ಅದನ್ನು ನಾನು ಬೇರೆ ಯಾರಲ್ಲೂ ಅಷ್ಟು ಬೆತ್ತಲೆಯಾಗಿ ನೋಡಿಲ್ಲ. ತಾವು ಮಾಡಿದ ತಪ್ಪನ್ನು ಅವರು ಮುಚ್ಚುತ್ತಿರಲಿಲ್ಲ.

ಒಮ್ಮೆ ಬೇರಿಕೆ ಕಡೆಯ ಹಾಲಿನವನೊಬ್ಬ ಸೈಕಲ್ ರಿಪೇರಿ ಮಾಡಿಸಿಕೊಂಡು ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾಮನಿಗೆ ಮುಂದಿನ ಚಕ್ರದ ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟದ್ದು, ಸ್ಪ್ಯಾನರ್ ಹಾಕಿ ಬಿಗಿ ಮಾಡದೇ ಇದ್ದದ್ದು ನೆನಪಾಯಿತು. ತಟ್ಟೆ ಬಿಟ್ಟು ಎದ್ದು, ಬಾಡಿಗೆ ಸೈಕಲ್ ಹತ್ತಿ, ಬೇರಿಕೆ ರಸ್ತೆಯಲ್ಲಿ ಅರ್ಧ ದಾರಿಯವರೆಗೆ ಅಟ್ಟಿಸಿಕೊಂಡು ಹೋದರು. ಹಾಲಿನವನು ಒಂದು ಟೀ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ಕೂತಿದ್ದನಂತೆ. ಅಷ್ಟೂ ಜನರ ಎದುರಿಗೆ ಮಾಮ, "ನಾನು ನಟ್ ಬಿಗಿ ಮಾಡ್ಲಿಲ್ಲ ಕಣ್ಲಾ, ನೀನು ಬಿದ್ದು ಹೋಗಿದ್ರೆ ನಂದೇ ತಪ್ಪಾಯ್ತಿತ್ತು" ಎಂದು ಹೇಳಿ ಬಿಗಿ ಮಾಡಿ ಬಂದರು. ಸಾಲದ್ದಕ್ಕೆ ವಾರವಿಡೀ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ ಹೇಳಿದರು. ಅವರ ಹೆಂಡತಿಗೆ, ನಾನು ಅತ್ತೆ ಎನ್ನುತ್ತಿದ್ದವರಿಗೆ, ಇದು ಸ್ವಲ್ಪವೂ ಸೇರುತ್ತಿರಲಿಲ್ಲ. "ಅಂಗಡಿ ಇಟ್ಕಂಡೋರು ಇಂಗೆ ಡಂಗುರ ಸಾರ್ತಾರಾ?" ಎಂದು ಸಿಡುಕುತ್ತಿದ್ದರು.

ನಾನು ಓದು ಮುಗಿಸಿ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದೆ. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಕೆಂಪು ಡಬ್ಬಕ್ಕೆ ಹಾಕುವ ಕೆಲಸ. ಇನ್ನೊಂದು ಕಂಪನಿಯಲ್ಲಿ ಫಿಟ್ಟರ್ ಆಗಿರುವವರನ್ನು ಮದುವೆಯಾದೆ. ಮಾಮ ಅವರನ್ನು ಮೊದಲ ದಿನದಿಂದ "ಅಳಿಯ್ನೋರೆ" ಎಂದೇ ಕರೆದದ್ದು. ಗಂಡ ನನಗೆ ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಕೂಡಿಸಿದ ಸ್ಕೂಟರ್ ತಂದುಕೊಟ್ಟರು. ಮಳೆ ಬಂದ ದಿನ ಅದರಲ್ಲಿ ಹೋಗುತ್ತೇನೆ. ಉಳಿದ ದಿನ ಸೈಕಲ್ಲೇ. ಹಟ ಎನ್ನಿ, ಅಭ್ಯಾಸ ಎನ್ನಿ. ಆದರೆ ಅದರ ಹಿಂದೆ ಡಾಕ್ಟರ ಮಾತೂ ಇತ್ತು. ಹೊಸೂರಿನ ಮೂಳೆ ಡಾಕ್ಟರು ನನ್ನ ಮಂಡಿಯನ್ನು ಬಗ್ಗಿಸಿ ನೋಡಿ, "ಈ ಮಂಡಿ ಇಷ್ಟಾದ್ರೂ ಆಡ್ತಾ ಇರೋದು ನೀವು ದಿನಾ ತುಳಿಯೋದ್ರಿಂದ. ಬಿಟ್ಟರೆ ಬಿಗಿದುಕೊಳ್ಳುತ್ತೆ. ಬಿಗಿದುಕೊಂಡರೆ ಆಮೇಲೆ ನಾನೇನೂ ಮಾಡೋಕಾಗಲ್ಲ" ಎಂದಿದ್ದರು. ಅವರ ಆಸ್ಪತ್ರೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಒಂದಿದೆ. ಅದರ ಪೆಡಲ್ ಕೈ ಎಲ್ಲರ ಅಳತೆಯದು, ನನ್ನ ಮಂಡಿಗೆ ಅಷ್ಟು ದೊಡ್ಡ ಸುತ್ತು ಆಗುವುದಿಲ್ಲ.

ಎರಡು ವರ್ಷದ ಹಿಂದೆ ಆ ಸೈಕಲ್ಲು ಸದ್ದು ಮಾಡತೊಡಗಿತು. ತುಳಿದಾಗಲೆಲ್ಲ ಕಟ್, ಕಟ್. ನಾನು ನಾಳೆ ನೋಡಿಸಿದರಾಯಿತು ಎಂದು ಒಂದು ತಿಂಗಳು ತಳ್ಳಿದೆ. ಒಂದು ಸಂಜೆ ಫ್ಯಾಕ್ಟರಿಯಿಂದ ಬರುವಾಗ ಪೆಡಲು ಹಾಗೇ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಎರಡು ಪೆಡಲ್ ಕೈಗಳನ್ನು ಸೇರಿಸುವ ಅಚ್ಚು ಫ್ರೇಮಿನ ತಳದಲ್ಲಿರುವ ಒಂದು ಗಿಡ್ಡ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಯ ಎರಡು ಬಾಯಿಗೂ ತಿರುಪಿನ ಮುಚ್ಚಳದಂತೆ ಒಂದೊಂದು ಉಕ್ಕಿನ ಬಟ್ಟಲು ಕೂತಿರುತ್ತದೆ. ಷಾಪಿನವರು ಅದಕ್ಕೆ ಬಿ.ಬಿ. ಕಪ್ ಎನ್ನುತ್ತಾರೆ. ಅಚ್ಚಿಗೂ ಕಪ್ಪಿಗೂ ನಡುವೆ ಸಣ್ಣ ಗುಂಡುಗಳು. ನನ್ನ ಸೈಕಲ್ಲಿನಲ್ಲಿ ಬಲಗಡೆಯ ಗುಂಡುಗಳು ಪುಡಿಯಾಗಿ, ಆ ಕಡೆಯ ಕಪ್ ಗುಳಿಬಿದ್ದು ಹೋಗಿತ್ತು. ಅದನ್ನು ಬಿಚ್ಚಿ ಹೊಸದು ಹಾಕಬೇಕು. ಎಡಗಡೆಯ ಕಪ್ಪು ಎಲ್ಲ ತಿರುಪಿನ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಲಗಡೆಯದು ಮಾತ್ರ ಉಲ್ಟಾ. ತುಳಿಯುವಾಗ ತಾನಾಗಿ ಸಡಿಲವಾಗದಿರಲಿ ಎಂದು ಅದರ ತ್ರೆಡ್ಡನ್ನೇ, ಅಂದರೆ ತಿರುಪಿನ ಸುತ್ತುಗೆರೆಯನ್ನೇ, ಉಲ್ಟಾ ಕೊರೆದಿರುತ್ತಾರೆ. ಅದನ್ನು ಬಲಕ್ಕೆ ತಿರುಗಿಸಿ ಬಿಚ್ಚಬೇಕು.

ನನ್ನ ಗಂಡನಿಗೆ ಇದೆಲ್ಲ ಗೊತ್ತು, ಫಿಟ್ಟರ್ ಅಲ್ಲವೆ. ಭಾನುವಾರ ಅಂಗಳದಲ್ಲಿ ಸೈಕಲ್ ಮಲಗಿಸಿಕೊಂಡು, ಎಡಗಡೆಯದನ್ನು ಸಲೀಸಾಗಿ ತೆಗೆದರು. ಬಲಗಡೆಯದಕ್ಕೆ ಸ್ಪ್ಯಾನರ್ ಹಾಕಿ ಬಲಕ್ಕೆ ಎಳೆದರು. ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಎಳೆದರು. ಸ್ಪ್ಯಾನರ್ ಜಾರಿ ಕಪ್ಪಿನ ಅಂಚು ಸವೆದು, ಅವರ ಮೊಣಕೈಯೂ ತರಚಿತು.

"ಗ್ಯಾಸ್ ಹಚ್ಚಿ ಕಾಯಿಸಿದ್ರೆ ಬಂದುಬಿಡುತ್ತೆ" ಎಂದರು.

"ಕಾಯಿಸಿದ್ರೆ ಮಾಮ ಹಾಕಿರೋ ಬೆಸುಗೆ ಬಿಟ್ಟುಕೊಳ್ಳುತ್ತೆ. ಮುಟ್ಟಬೇಡಿ" ಎಂದು ನಾನು ಕೂಗಿದೆ. ಬೀದಿಯವರೆಲ್ಲ ನೋಡುವಷ್ಟು ಕೂಗಿದೆ.

ಅಷ್ಟು ಹೊತ್ತಿಗೆ ಮಾಮನಿಗೆ ಎಪ್ಪತ್ತೈದು ದಾಟಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದರು, ಇನ್ನೊಂದಕ್ಕೆ ಬೇಡ ಎಂದು ಹಟ ಹಿಡಿದಿದ್ದರು. ಕೈ ನಡುಗುತ್ತಿತ್ತು. ಬೇರಿಕೆ ರಸ್ತೆಯ ಹಳ್ಳಿಯ ಮನೆಯಿಂದ ಅತ್ತೆಯ ಜೊತೆ ಬಸ್ಸಿನಲ್ಲಿ ಬಂದು ಅಂಗಡಿ ತೆರೆದು, ಪಂಚರು, ಗಾಳಿ ಇಷ್ಟೇ ನೋಡುತ್ತಿದ್ದರು. ಸೈಕಲ್ ನೋಡಿ ಮೊದಲು ಕೇಳಿದ್ದು, "ಯಾವೋನ್ ಇದ್ಕೆ ಪೈಪ್ ಹಾಕಿ ಎಳ್ದೋನು?"

ಗಂಡ ಆಕಾಶ ನೋಡಿದರು.

"ಅಳಿಯ್ನೋರೆ, ನಿಮ್ ಕಂಪ್ನಿಯಾಗೆ ಹಂಗೆ. ಇಲ್ಲಿ ಮೊದ್ಲು ಎಣ್ಣೆ, ಬಲ ಆಮ್ಯಾಕೆ."

ಹೊಸ ಫ್ರೇಮಿಗೆ ಹೀಗೇ ಮಾಡಲಾಗದೇ ಮಾಮ ಎಂದು ಕೇಳಿದೆ. ಅವರು ಎರಡೂ ಕೈಯನ್ನು ಮುಂದಕ್ಕೆ ಚಾಚಿ ಅದು ನಡುಗುವುದನ್ನು ತೋರಿಸಿದರು. "ಇನ್ನೊಂದ್ ಮಾಡಾಕೆ ನನ್ ಕೈಲಾಗಲ್ಲ ಮಗ. ಇದನ್ನೇ ಉಳಿಸ್ಕಬೇಕು."

ಅಲ್ಲಿಂದ ಶುರುವಾಯಿತು. ದಿನವೂ ಕಪ್ಪಿನ ಸುತ್ತ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹನಿ ಹನಿಯಾಗಿ ಬಿಡುವುದು, ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುವುದು, ಬಲಕ್ಕೆ ಎಳೆದು ನೋಡುವುದು, ಬಟ್ಟೆ ಸುತ್ತಿ ಬಿಡುವುದು. ನಾನು ಬಸ್ಸಿನಲ್ಲಿ ಫ್ಯಾಕ್ಟರಿಗೆ ಹೋಗಿ ಸಂಜೆ ಅಂಗಡಿಯ ಮುಂದೆ ಇಳಿಯುತ್ತಿದ್ದೆ. ಐದನೆಯ ದಿನ ಮಾಮ ಸವೆದ ಅಂಚನ್ನು ಅರದಿಂದ ಉಜ್ಜಿ ಎರಡು ಕಡೆ ಚಪ್ಪಟೆ ಮಾಡಿದರು. "ಕಪ್ ತಿರುಗ್ಸೋದ್ ಬ್ಯಾಡ. ಕಪ್ನ ಹಿಡ್ಕಂಡು ಸೈಕಲ್ನೇ ತಿರುಗ್ಸಾನ" ಎಂದರು. ಚಕ್ರ, ಹ್ಯಾಂಡಲ್ ಎಲ್ಲ ಕಳಚಿದ ಬರೀ ಫ್ರೇಮನ್ನು ವೈಸಿನ ಮೇಲೆ ಅಡ್ಡ ಮಲಗಿಸಿ, ಕೆಳಮುಖವಾದ ಕಪ್ಪನ್ನು ವೈಸಿನ ಬಾಯಿಗೆ ಕೊಟ್ಟು ಬಿಗಿದರು. ಇಡೀ ಫ್ರೇಮೇ ಈಗ ಸ್ಪ್ಯಾನರಿನ ಹಿಡಿ. ಮುಂಭಾಗ ಅವರು ಹಿಡಿದರು, ಹಿಂಭಾಗ ನಾನು ಹಿಡಿದೆ. ನಾನು ರಸ್ತೆ ಕಡೆಯಿಂದ ಗೋಡೆ ಕಡೆಗೆ ತಳ್ಳಬೇಕು, ತಾವು ಎದುರು ದಿಕ್ಕಿಗೆ ಎಂದರು. ಗಾಣದ ಎತ್ತುಗಳ ಹಾಗೆ ಇಬ್ಬರೂ ದಿಮ್ಮಿಯ ಎರಡು ಪಕ್ಕ ನಿಂತು ತಳ್ಳಿದೆವು. ಒಬ್ಬಳು ಕುಂಟಿ, ಒಬ್ಬರು ನಡುಗುವವರು. ದಾರಿಯಲ್ಲಿ ಹೋಗುವವರಿಗೆ ಒಳ್ಳೆಯ ನೋಟ.

ಕಪ್ಪು ಅಲ್ಲಾಡಲಿಲ್ಲ. ಮತ್ತೆ ಎಣ್ಣೆ, ಮತ್ತೆ ತಟ್ಟುವುದು, ಮತ್ತೆ ರಸ್ತೆ ಕಡೆಯಿಂದ ಗೋಡೆ ಕಡೆಗೆ. ಹತ್ತನೇ ದಿನದ ಹೊತ್ತಿಗೆ ನನಗೆ ಬಸ್ಸಿನ ಮೆಟ್ಟಿಲು ಹತ್ತುವಾಗ ಎಡಮಂಡಿ ಬಗ್ಗಲು ತಕರಾರು ಮಾಡತೊಡಗಿತು. ಬೆಳಿಗ್ಗೆ ಎದ್ದರೆ ಕಟ್ಟಿಗೆಯ ಹಾಗೆ ಬಿಗಿದಿರುತ್ತಿತ್ತು. ಮಾಮನಿಗೆ ಹೇಳಲಿಲ್ಲ. ಆದರೆ ನಾನು ಬಸ್ಸಿಳಿಯುವುದನ್ನು ಅವರು ಅಂಗಡಿಯಿಂದ ನೋಡುತ್ತಿದ್ದರು. "ಇವ್ರು ಮನೇಲಿ ಸರ್ಯಾಗಿ ಉಣ್ತಾ ಇಲ್ಲ ಕಣಮ್ಮ. ನಿನ್ ಕಾಲಿಂದೇ ಮಾತು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಹನ್ನೆರಡನೇ ದಿನ ಭಾನುವಾರ. ಗಂಡ ಬಂದು ಮಾಮನ ಜಾಗದಲ್ಲಿ ನಿಂತರು. ಇಬ್ಬರೂ ಮೈಭಾರವೆಲ್ಲ ಹಾಕಿ ತಳ್ಳಿದೆವು. ಫ್ರೇಮು ಕಿರುಗುಟ್ಟಿತು. "ನಿಲ್ಸ್ರಿ!" ಎಂದು ಮಾಮ ಕೂಗಿದರು. ಬಗ್ಗಿ, ಮೂವತ್ತು ವರ್ಷದ ಹಿಂದೆ ತಾವು ಬೆಸೆದ ಜಾಗದ ಮೇಲೆ ಬೆರಳಾಡಿಸಿದರು. ಬಣ್ಣದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಾಣಿಸಿಕೊಂಡಿತ್ತು.

"ಇನ್ನೊಂದ್ ಸಲ ತಳ್ಳುದ್ರೆ ಫ್ರೇಮೇ ಹೋಯ್ತದೆ" ಎಂದು ಹೇಳಿ, ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋಗಿ ಕೂತರು. ಅಂದು ಅವರು ಯಾವ ಭಾಷೆಯಲ್ಲೂ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸುಮ್ಮನೆ, ಏನಾದರೂ ಮಾಡಬೇಕಲ್ಲ ಎಂದು, ವೈಸಿನ ಮೇಲಿದ್ದ ಫ್ರೇಮಿನ ಕೊಳವೆಯೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಒಳಗಿನ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಕಪ್ಪಿನ ಹಿಂದೆ ಮೂರು ನಾಲ್ಕು ಸುತ್ತು ತ್ರೆಡ್ಡು ಖಾಲಿಯಾಗಿ ಕಾಣಿಸಿತು. ದಿನಕ್ಕೆ ಸಾವಿರ ತ್ರೆಡ್ಡು ನೋಡುವ ಕಣ್ಣು ನನ್ನದು. ನೋಡಿದೆ, ಕಣ್ಣು ಉಜ್ಜಿಕೊಂಡೆ, ಮತ್ತೆ ನೋಡಿದೆ. ಎಡಗಡೆಯ ಬಾಯಿಯಲ್ಲಿ ತ್ರೆಡ್ಡಿನ ಗೆರೆಗಳು ಯಾವ ಕಡೆಗೆ ವಾಲಿದ್ದವೋ ಬಲಗಡೆಯವೂ ಅದೇ ಕಡೆಗೆ ವಾಲಿದ್ದವು. ಹಾಗಿರಬಾರದು. ಬಲಗಡೆಯದು ಉಲ್ಟಾ ತ್ರೆಡ್ಡಾಗಿದ್ದರೆ ಇನ್ನೊಂದು ಕಡೆಗೆ ವಾಲಬೇಕು. ಅಂದರೆ ಈ ಕಪ್ಪು ಉಲ್ಟಾ ಅಲ್ಲ. ಎಲ್ಲ ತಿರುಪಿನಂತೆ ಸೀದಾ. ಹನ್ನೆರಡು ದಿನದಿಂದ ನಾವು ಬಿಚ್ಚುತ್ತಿದ್ದೇವೆ ಎಂದುಕೊಂಡು ಅದನ್ನು ಬಿಗಿಯುತ್ತಿದ್ದೆವು.

ಗಂಡನಿಗೆ ಪಿಸುಮಾತಿನಲ್ಲಿ ಹೇಳಿದೆ. ಅವರೂ ನೋಡಿದರು. ಒಪ್ಪಿದರು. ಆಮೇಲೆ ಅವರು ಹೇಳಿದ್ದು ಅವರ ಒಳ್ಳೆಯತನದಿಂದಲೇ. "ಮಾಮ ಊಟಕ್ಕೆ ಹೋಗಲಿ. ನಾವೇ ಆ ಕಡೆಗೆ ತಿರುಗಿಸಿ ತೆಗೆದುಬಿಡೋಣ. ಎಣ್ಣೆ ಹಿಡಿದು ಬಂತು ಅಂತ ಹೇಳೋಣ. ಈ ವಯಸ್ಸಿನಲ್ಲಿ ಅವರಿಗ್ಯಾಕೆ ಬೇಸರ?"

ನನಗೂ ಹಾಗೇ ಅನ್ನಿಸಿತ್ತು. ಸೈಕಲ್ಲೇ ಜೀವವಾಗಿ ಐವತ್ತು ವರ್ಷ ಕಳೆದವರಿಗೆ, ನೀವು ತಿರುಗಿಸಿದ ದಿಕ್ಕೇ ತಪ್ಪು ಎಂದು ಹೇಗೆ ಹೇಳುವುದು? ಹೇಳಿದರೆ ನಾಳೆಯಿಂದ ಅಂಗಡಿ ತೆರೆಯುತ್ತಾರೋ ಇಲ್ಲವೋ. ಆದರೆ ತಪ್ಪನ್ನು ಮುಚ್ಚಿಟ್ಟು ಅವರನ್ನು ಉಳಿಸುವುದು ಅವರಿಗೇ ಮಾಡುವ ಮೋಸ ಎಂದೂ ಅನ್ನಿಸಿತು. ಒಳಗೆ ಹೋದೆ.

"ಮಾಮ, ಒಂದ್ಸಲ ಬಂದು ಇದನ್ನ ನೋಡ್ತೀರಾ? ನಂಗ್ಯಾಕೋ ಬಲಗಡೇದು ಸೀದಾ ತ್ರೆಡ್ಡು ಅನ್ನಿಸ್ತೈತೆ."

"ಬಲಗಡೆ ಎಲ್ಲಾದ್ರೂ ಸೀದಾ ಇರ್ತದಾ? ಹೋಗಮ್ಮ" ಎಂದರು. ಆದರೂ ಎದ್ದು ಬಂದರು. ಅತ್ತೆಯಿಂದ ಕನ್ನಡಕ ತರಿಸಿ ಹಾಕಿಕೊಂಡರು. ನಾನು ಬೆಳಕು ಹಿಡಿದೆ. ಪೊರೆ ತೆಗೆಸಿದ ಕಣ್ಣನ್ನು ಕೊಳವೆಗೆ ಹತ್ತಿರ ತಂದು ತುಂಬ ಹೊತ್ತು ನೋಡಿದರು. ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆ. ಆಮೇಲೆ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದ ಹಾಗೆ ಕೂತರು.

"ನಾನೇ ಹಾಕ್ಸಿದ್ದು ಕಣಮ್ಮ."

ನಾನು ಮೊಬೈಲಿನ ಬೆಳಕು ಆರಿಸಿದೆ.

"ನೀನು ಬಾಣಂತನದಾಗಿದ್ದೆ. ಸೈಕಲ್ ಇಲ್ಲೇ ಇತ್ತು. ಬಲಗಡೆ ತ್ರೆಡ್ಡೆಲ್ಲ ತಿಂದೋಗಿತ್ತು. ಲೇತ್ನೋನತ್ರ ತಕಂಡೋದೆ. ಉಲ್ಟಾ ತ್ರೆಡ್ಡು ಕೊರ್ಯೋ ಟ್ಯಾಪು ನನ್ನತ್ರ ಇಲ್ಲ ಅಂದ. ನಾನೇ, ಸೀದಾನೇ ಹಾಕು ಅಂದೆ. ದೊಡ್ದಾಗಿ ಕೊರ್ದು ಹೊಸಾ ಕಪ್ ತಿರುಗ್ಸಿ ಕೊಟ್ಟ. ತುಳ್ಯೋವಾಗ ಬಿಚ್ಕಂಡು ಮಗ ಬಿದ್ದುಬುಟ್ರೆ ಅಂತ ತ್ರೆಡ್ಡಿಗೆಲ್ಲ ಪೇಂಟ್ ಬಳ್ದು ಬಿಗ್ದೆ. ಅದ್ಕೇ ಇಂಗೆ ಕಚ್ಕಂಡೈತೆ." ಕನ್ನಡಕ ತೆಗೆದು, "ಎಲ್ಲಾ ಮರ್ತೇ ಹೋಗ್ಬುಟ್ಟಿತ್ತು ನೋಡು" ಎಂದರು.

ಅವರು ತೋಳಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ನನ್ನ ಗಂಡ ಮತ್ತೊಮ್ಮೆ ಆಕಾಶ ನೋಡಿದರು.

ಮಾಮ ಹೆಚ್ಚು ಹೊತ್ತು ಕೂರಲಿಲ್ಲ. ಎದ್ದು, ಬಿರುಕು ಬಿಟ್ಟ ಜಾಗಕ್ಕೆ ಎರಡು ಕಬ್ಬಿಣದ ಪಟ್ಟಿ ಇಟ್ಟು, ಹಳೇ ಟ್ಯೂಬನ್ನು ಬಿಗಿಯಾಗಿ ಸುತ್ತಿದರು. ಗಂಡನನ್ನು ಪಕ್ಕಕ್ಕೆ ಸರಿಸಿ ಮುಂಭಾಗ ತಾವೇ ಹಿಡಿದರು. "ಬಾ ಮಗ. ಗೋಡೆ ಕಡೆಯಿಂದ ರಸ್ತೆ ಕಡೆಗೆ. ಮೆಲ್ಲಗೆ."

ತಳ್ಳಿದೆವು. ಏನೂ ಆಗಲಿಲ್ಲ. ಇನ್ನೊಂದು ಸಲ. ಏನೂ ಇಲ್ಲ. ಮೂರನೇ ಸಲ ಒಳಗೆಲ್ಲೋ ಒಣಗಿದ ಪೇಂಟು ಒಡೆದ ಸದ್ದಾಯಿತು, ಫ್ರೇಮು ಒಂದು ಬೆರಳಷ್ಟು ಮುಂದಕ್ಕೆ ಬಂತು. ಮಾಮ ನಿಲ್ಲಿಸಿ ಎಣ್ಣೆ ಬಿಟ್ಟರು. ಮತ್ತೆ ತಳ್ಳಿದೆವು. ಕಾಲು ಸುತ್ತು, ಅರ್ಧ ಸುತ್ತು. ನಾನು ಕುಂಟುತ್ತಾ ದಿಮ್ಮಿಯ ಸುತ್ತ ಬಂದೆ, ಮಾಮ ನಡುಗುತ್ತಾ ನನ್ನ ಎದುರುಗಡೆ ಬಂದರು. ಎರಡನೆಯ ಸುತ್ತಿಗೆ ಅದು ಕೈಯಲ್ಲೇ ತಿರುಗುವಷ್ಟು ಹಗುರಾಯಿತು. ಫ್ರೇಮನ್ನು ಎತ್ತಿದಾಗ ಕಪ್ಪು ವೈಸಿನ ಬಾಯಲ್ಲಿ ಒಂಟಿಯಾಗಿ ಕೂತಿತ್ತು, ಅದರ ತ್ರೆಡ್ಡಿಗೆಲ್ಲ ಹಸಿರು ಪೇಂಟು ಅಂಟಿತ್ತು.

ಬೆಸುಗೆಯ ಬಿರುಕಿಗೆ ಮಾಮ ಬಾಗಲೂರು ರಸ್ತೆಯ ವೆಲ್ಡಿಂಗಿನವನ ಪಕ್ಕದಲ್ಲೇ ನಿಂತು ಹೊಸ ಬೆಸುಗೆ ಹಾಕಿಸಿದರು. ಮತ್ತೆ ಸೀದಾ ತ್ರೆಡ್ಡಿನದೇ ಹೊಸ ಕಪ್ಪನ್ನು ಲೇತಿನಲ್ಲಿ ಮಾಡಿಸಿದರು. ಹದಿನೆಂಟನೇ ದಿನ ನಾನು ಸೈಕಲ್ ಹತ್ತಿದೆ. ಮೊದಲ ದಿನ ಮಂಡಿ ಚೀರಿತು, ವಾರದೊಳಗೆ ಹಾದಿಗೆ ಬಂತು. ಡಾಕ್ಟರು ಬಗ್ಗಿಸಿ ನೋಡಿ ಮೊದಲಿನಷ್ಟೇ ಇದೆ ಎಂದರು.

ಮಾಮ ಎಂದಿನಂತೆ ಡಂಗುರ ಶುರುಮಾಡಿದರು. ಗಾಳಿ ಹೊಡೆಸಲು ಬಂದವರಿಗೂ ಬಿಡದೆ, "ಹನ್ನೆರಡು ದಿನ ಬಿಚ್ತೀನಿ ಅಂತ ಬಿಗ್ದೆ ಕಣ್ಲಾ. ಈ ಮಗ ಕಂಡುಹಿಡಿದ್ಳು" ಎಂದು ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಹೇಳುತ್ತಿದ್ದರು. ನನಗೇ ನಾಚಿಕೆಯಾಗಿ ಒಂದು ದಿನ ಕೇಳಿದೆ. "ಯಾಕೆ ಮಾಮ ಎಲ್ಲರಿಗೂ ಹೇಳ್ತೀರಾ? ಬಿಡಿ."

"ಹೇಳ್ದೆ ಇದ್ರೆ ನಾಳೆ ಇನ್ನೊಬ್ಬ ಇದನ್ನ ಅದೇ ಕಡೆ ತಿರುಗಿಸ್ತಾನೆ ಕಣಮ್ಮ. ಆಗ ನಾನ್ ಇರಾಕಿಲ್ಲ. ಇದ್ರೂ ನೆಪ್ಪಿರಾಕಿಲ್ಲ."

ಕೆಲವು ತಿಂಗಳ ನಂತರ ಫ್ಯಾಕ್ಟರಿಯಲ್ಲಿ ನಾನು ಒಂದು ಟ್ರೇ ತುಂಬ ಬಿಡಿಭಾಗಗಳನ್ನು ತಪ್ಪು ಅಳತೆಗೋಲಿನಲ್ಲಿ ನೋಡಿ ಪಾಸು ಮಾಡಿದ್ದೆ. ಮಧ್ಯಾಹ್ನ ಡ್ರಾಯರಿನಲ್ಲಿ ಸರಿಯಾದ ಗೋಲು ಹಾಗೇ ಇದ್ದದ್ದು ಕಂಡಿತು. ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಗೊತ್ತಾಗುತ್ತಲೂ ಇರಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನ ಹೆಸರಿಗೆ ಒಂದೂ ಕೆಂಪು ಗೆರೆ ಬಿದ್ದಿರಲಿಲ್ಲ. ಕಾಲು ಗಂಟೆ ಡ್ರಾಯರನ್ನು ತೆಗೆಯುತ್ತಾ ಮುಚ್ಚುತ್ತಾ ಕುರ್ಚಿಯಲ್ಲೇ ಕೂತೆ. ಆಮೇಲೆ ಎದ್ದು ಸೂಪರ್‌ವೈಸರ್ ಹತ್ತಿರ ಹೋಗಿ, ಅವರ ತಮಿಳಿನಲ್ಲೇ, "ಎನ್ ತಪ್ಪು ದಾನ್ ಸಾರ್" ಎಂದೆ. ನಂದೇ ತಪ್ಪು. ಲಾರಿ ಇನ್ನೂ ಗೇಟು ದಾಟಿರಲಿಲ್ಲ. ಟ್ರೇ ವಾಪಸು ಬಂತು, ಬೈಗುಳವೂ ಸಿಕ್ಕಿತು, ರಿಜಿಸ್ಟರಿನಲ್ಲಿ ಗೆರೆಯೂ ಬಿತ್ತು. ಮಾಮನ ಅಂಗಡಿ ನೋಡದೇ ಬೆಳೆದಿದ್ದರೆ ನಾನು ಆ ಕುರ್ಚಿಯಿಂದ ಏಳುತ್ತಿರಲಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಕಳೆದ ವರ್ಷ ಅಂಗಡಿ ಮುಚ್ಚಿದರು. ಹಳ್ಳಿಯ ಮನೆಯಲ್ಲೇ ಇರತೊಡಗಿದರು. ಮೊದಮೊದಲು ಹೋದಾಗ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು, ಆಮೇಲೆ ಒಳಗೆ ಮಲಗಿಕೊಂಡೇ. ಕಡೆಕಡೆಗೆ ನನ್ನನ್ನು ಗುರುತು ಹಿಡಿಯುವುದೂ ಕಷ್ಟವಾಯಿತು. ಈ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಿಗ್ಗೆ, ಮಾಮ ಹೋದರು ಎಂದು ಫೋನು ಬಂತು. ಗಂಡ ಸ್ಕೂಟರ್ ಹೊರಗೆ ತೆಗೆದರು. ನಾನು ಬೇಡ, ನೀವು ಅದರಲ್ಲಿ ಬನ್ನಿ ಎಂದು ಸೈಕಲ್ ಹತ್ತಿದೆ. ದಾರಿ ಪೂರ್ತಿ ಅಳುತ್ತಿದ್ದೆ. ನೋಡಿದವರು ನೋಡಲಿ ಎಂದು ಅತ್ತುಕೊಂಡೇ ತುಳಿದೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಕುರ್ಚಿಗಳಲ್ಲಿ ಕೂತವರು ನಾನು ಹತ್ತಿರ ಬಂದು ಇಳಿಯುವವರೆಗೂ ತಿರುಗಿ ನೋಡಲಿಲ್ಲ. ಅತ್ತೆ ಒಳಗಿನಿಂದ ಬಂದು ನನ್ನ ಭುಜ ಹಿಡಿದುಕೊಂಡರು.

"ಹಿಂದ್ಲ ವಾರ ನೆಪ್ಪು ಬಂದಾಗೆಲ್ಲ ಅದೇ ಕೇಳೋರು ಕಣಮ್ಮ. ಆ ಮಗಿನ್ ಸೈಕಲ್ ಸದ್ದು ಮಾಡ್ತದಾ, ಸದ್ದು ಮಾಡ್ತದಾ ಅಂತ. ನಾನು ಏನ್ ಹೇಳ್ಲಿ? ನಂಗೇನ್ ಗೊತ್ತು?"

"ಇಲ್ಲ ಅತ್ತೆ, ಮಾಡಲ್ಲ" ಎಂದೆ.

ಅವರು ನನ್ನ ಮಾತು ಸಾಲದು ಎನ್ನುವಂತೆ ಸೈಕಲ್ಲಿನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತರು. ಐವತ್ತು ವರ್ಷ ಆ ಅಂಗಡಿಯಲ್ಲಿ ಒಂದು ಸ್ಪ್ಯಾನರನ್ನೂ ಮುಟ್ಟದಿದ್ದವರು ಬಲಗಡೆಯ ಪೆಡಲನ್ನು ಹಿಡಿದು ಹಿಂದಕ್ಕೆ ತಿರುಗಿಸಿ ಬಿಟ್ಟರು. ಅದು ತಿರುಗಿತು, ತಿರುಗಿತು, ತಾನಾಗಿ ನಿಂತಿತು. ಅವರು ಕಿವಿ ಹತ್ತಿರ ತಂದು ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಮಾಮನಿಗೆ ಹೇಳುವುದಕ್ಕೆ ಒಳಗೆ ಹೋದರು.